ಜಮೀನಿಗೆ ಸ್ವಾಧೀನದ ನೋಟಿಸ್ ಬಂದಿದೆ, ಮುಂದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಒಂದೂಕಾಲು ಎಕರೆ ರಸ್ತೆಗೆ ಹೋದಾಗ ಅಪ್ಪ ಮಹಜರಿಗೆ ಓದದೇ ಸಹಿ ಹಾಕಿದ್ದರು. ಬದುವಿನ ಮೇಲಿದ್ದ ಮೂರು ಹಲಸಿನ ಮರ ಆ ಕಾಗದದಲ್ಲಿ ಇರಲೇ ಇಲ್ಲ. ಮರ ಕಡಿದು ಲಾರಿಗೆ ತುಂಬುವ ದಿನ ಅಪ್ಪ ತುಂಡುಗಳನ್ನು ಎಣಿಸುತ್ತಾ ನಿಂತಿದ್ದರು. ಆಮೇಲೆ ಕೇಳಲು ಹೋದರೆ "ನೀವೇ ಸಹಿ ಹಾಕಿದ್ದೀರಲ್ಲ" ಅಂದರು.

ಅವತ್ತಿನಿಂದ ಯಾರು ನೋಟಿಸ್ ತಂದರೂ ಕೂತು ಓದಿ ಹೇಳುತ್ತಾ ಬಂದಿದ್ದೇನೆ. ಅರಳಿಕಟ್ಟೆಯಲ್ಲಿ, ತಾಲ್ಲೂಕು ಕಚೇರಿ ಮೆಟ್ಟಿಲ ಮೇಲೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ನಾನು ವಕೀಲ ಅಲ್ಲ. ಕೇಸಿಗೆ ವಕೀಲರು ಬೇಕೇ ಬೇಕು. ಆದರೆ ಅವರ ಹತ್ತಿರ ಹೋಗುವ ಹೊತ್ತಿಗೆ ಗಡುವು ಮುಗಿದಿರಬಾರದು. ಅದಕ್ಕೇ ಇಷ್ಟೂ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ನಮ್ಮ ಜಮೀನು, ನಮ್ಮ ಪಹಣಿ. ನಾವು ಕೊಡಲ್ಲ ಅಂದ್ರೂ ಸರ್ಕಾರ ತಗೋಬಹುದಾ?

ತಗೊಳ್ಳಬಹುದು. ಊರಿಗೆ ಬೇಕಾದ ಕೆಲಸಕ್ಕೆ ಖಾಸಗಿ ಜಮೀನನ್ನು, ಮಾಲೀಕರು ಒಪ್ಪದಿದ್ದರೂ, ಪರಿಹಾರ ಕೊಟ್ಟು ಪಡೆಯುವ ಅಧಿಕಾರ ಹೆಚ್ಚುಕಮ್ಮಿ ಎಲ್ಲ ದೇಶದ ಸರ್ಕಾರಗಳಿಗೂ ಇದೆ. ಕಾನೂನಿನವರು ಇದಕ್ಕೆ ಎಮಿನೆಂಟ್ ಡೊಮೇನ್ ಅನ್ನುತ್ತಾರೆ. ನಾವು ಭೂಸ್ವಾಧೀನ ಅನ್ನುತ್ತೇವೆ. ಬ್ರಿಟಿಷರು 1894ರಲ್ಲಿ ಮಾಡಿದ ಕಾಯ್ದೆ 2013ರ ಕೊನೆಯವರೆಗೂ ನಡೆಯಿತು. 2014ರ ಜನವರಿ 1ರಿಂದ ಹೊಸ ಕೇಂದ್ರ ಕಾಯ್ದೆ ಬಂದಿದೆ. ಜನ ಅದನ್ನು "2013ರ ಕಾಯ್ದೆ" ಅಂತಲೇ ಕರೆಯುತ್ತಾರೆ.

ಆದರೆ ಈ ಅಧಿಕಾರಕ್ಕೆ ಕಟ್ಟುಪಾಡುಗಳಿವೆ. ಉದ್ದೇಶ ಸಾರ್ವಜನಿಕವಾಗಿರಬೇಕು, ಕಾನೂನಿನ ಹೆಜ್ಜೆಗಳನ್ನು ಒಂದೊಂದಾಗಿ ಇಡಬೇಕು, ಪರಿಹಾರ ಕೊಡಬೇಕು. ಒಂದು ಹೆಜ್ಜೆ ತಪ್ಪಿದರೂ ಪ್ರಶ್ನೆ ಮಾಡುವ ಹಕ್ಕು ನಿಮ್ಮದು.

ಆಸ್ತಿ ಹಕ್ಕು ಮೂಲಭೂತ ಹಕ್ಕಲ್ಲ ಅಂತಾರೆ. ಹಾಗಾದ್ರೆ ನಮಗೆ ಹಕ್ಕೇ ಇಲ್ವಾ?

ಇದೆ. ಸಂವಿಧಾನ ಬಂದಾಗ ಆಸ್ತಿ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಲ್ಲೇ ಇತ್ತು. 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಅಲ್ಲಿಂದ ತೆಗೆದು 300ಎ ವಿಧಿ ಸೇರಿಸಿದರು. "ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ" ಅನ್ನುವುದು ಅದರ ಸಾರ.

ಈ ವಿಧಿಗೆ ಬಲ ತುಂಬಿದ ಒಂದು ದೊಡ್ಡ ತೀರ್ಪು ಹುಟ್ಟಿದ್ದು ನಮ್ಮ ಬೆಂಗಳೂರಿನ ಜಮೀನಿನಿಂದ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಗೊತ್ತಲ್ಲ, ನಟಿ ದೇವಿಕಾ ರಾಣಿ ಮತ್ತು ಚಿತ್ರಕಾರ ರೋರಿಚ್ ಬದುಕಿದ ಜಾಗ. ಅದನ್ನು ರಾಜ್ಯ ಸರ್ಕಾರ ವಿಶೇಷ ಕಾಯ್ದೆ ಮಾಡಿ ತೆಗೆದುಕೊಂಡಿತು. ಕೇಸು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠದವರೆಗೂ ಹೋಯಿತು. 2011ರಲ್ಲಿ ಕೋರ್ಟ್ ಆ ಸ್ವಾಧೀನವನ್ನು ಎತ್ತಿಹಿಡಿಯಿತು. ಜೊತೆಗೆ, ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರದ ಹಕ್ಕು 300ಎ ಒಳಗೇ ಅಡಗಿದೆ ಅಂತಲೂ ಹೇಳಿತು.

2024ರ ಮೇ ತಿಂಗಳಲ್ಲಿ ಕೋಲ್ಕತ್ತ ಮಹಾನಗರ ಪಾಲಿಕೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಏಳು ಹಕ್ಕುಗಳಾಗಿ ಬಿಡಿಸಿ ಹೇಳಿತು: ಮೊದಲೇ ನೋಟಿಸ್ ಪಡೆಯುವುದು, ನಮ್ಮ ಮಾತು ಕೇಳಿಸುವುದು, ಕಾರಣ ಬರೆದ ತೀರ್ಮಾನ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ತಡವಿಲ್ಲದ ಕ್ರಮ, ಮತ್ತು ಕ್ರಮವನ್ನು ಕೊನೆ ಮುಟ್ಟಿಸುವುದು. ಈ ಏಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಕ್ಷೇಪಣೆ ಬರೆಯುವಾಗ ಯಾವುದು ಸಿಕ್ಕಿಲ್ಲ ಅಂತ ನೋಡಿಕೊಳ್ಳಬಹುದು.

ಯಾವುದೋ ಕಂಪನಿಗೆ ಕೊಡೋಕೆ ನಮ್ಮ ಜಮೀನು ತಗೊಳ್ತಾರೆ. ಇದೂ ಸಾರ್ವಜನಿಕ ಉದ್ದೇಶನಾ?

ಕೈಗಾರಿಕೆಯನ್ನೂ ಕಾನೂನು ಸಾರ್ವಜನಿಕ ಉದ್ದೇಶದಲ್ಲಿ ಸೇರಿಸಿದೆ. 2013ರ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾದರೆ ಜಮೀನು ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇ 80ರಷ್ಟು ಒಪ್ಪಬೇಕು. ಸರ್ಕಾರ ಮತ್ತು ಖಾಸಗಿಯವರ ಜಂಟಿ ಯೋಜನೆಗೆ ಶೇ 70. ಆದರೆ ಕರ್ನಾಟಕದಲ್ಲಿ ಕೈಗಾರಿಕೆಗೆ ಜಮೀನು ತಗೊಳ್ಳುವುದು ಹೆಚ್ಚಾಗಿ ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಅದು ನಡೆಯುವುದು ರಾಜ್ಯದ 1966ರ ಕಾಯ್ದೆಯಡಿ, ಅದರಲ್ಲಿ ಈ ಶೇ 80ರ ಒಪ್ಪಿಗೆಯ ಮಾತೇ ಇಲ್ಲ. ನನ್ನ ಮಟ್ಟಿಗೆ ನಮ್ಮ ರೈತರಿಗೆ ಆಗುತ್ತಿರುವ ದೊಡ್ಡ ಅನ್ಯಾಯ ಇದೇ.

ಹೇಳಿದ ಉದ್ದೇಶ ಒಂದು, ಮಾಡಿದ್ದು ಇನ್ನೊಂದು ಆದರೆ ಕೋರ್ಟ್ ಸುಮ್ಮನೆ ಬಿಟ್ಟಿಲ್ಲ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ಹತ್ತಿರ ಕೋಡಿಹಳ್ಳಿ, ಚಲ್ಲಘಟ್ಟದ ಜಮೀನನ್ನು ಪ್ರವಾಸೋದ್ಯಮ ನಿಗಮದ ಗಾಲ್ಫ್ ಹೋಟೆಲ್‌ಗೆ ಅಂತ ತೆಗೆದುಕೊಂಡು ಆಮೇಲೆ ಖಾಸಗಿಯವರಿಗೆ ದಾಟಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಧಿಕಾರದ ಹೆಸರಲ್ಲಿ ನಡೆದ ವಂಚನೆ ಎಂದು ನೋಡಿ, ಮಾಲೀಕರಿಗೆ ಜಮೀನು ವಾಪಸ್ ಕೊಡುವ ಆದೇಶ ಉಳಿಸಿತು.

## ನೋಟಿಸ್ ಬಂದ ಮೇಲೆ

ಯಾವ ಕಾಯ್ದೆಯ ನೋಟಿಸ್ ಅಂತ ಗೊತ್ತಾಗೋದು ಹೇಗೆ? ಯಾವುದಾದ್ರೇನು, ಜಮೀನು ಹೋಗೋದು ಒಂದೇ ಅಲ್ವಾ?

ಒಂದೇ ಅಲ್ಲ. ನಿಮಗೆಷ್ಟು ದಿನ ಇದೆ, ದುಡ್ಡಿನ ಲೆಕ್ಕ ಹೇಗೆ, ಎಲ್ಲಿ ಪ್ರಶ್ನೆ ಮಾಡಬೇಕು, ಎಲ್ಲವೂ ಕಾಯ್ದೆಯ ಮೇಲೆ ನಿಂತಿದೆ. ನೋಟಿಸ್‌ನ ಮೇಲ್ಭಾಗದಲ್ಲಿ ಕಲಂ ಸಂಖ್ಯೆ ಇರುತ್ತದೆ, ಮೊದಲು ಅದನ್ನು ಹುಡುಕಿ.

ಕಲಂ 11 ಅಂತಿದ್ದರೆ 2013ರ ಕಾಯ್ದೆ, ಆಕ್ಷೇಪಣೆಗೆ 60 ದಿನ. ಕಲಂ 28 ಅಂತಿದ್ದು ಕೈಗಾರಿಕಾ ಪ್ರದೇಶ ಅಂತ ಬರೆದಿದ್ದರೆ ಕೆಐಎಡಿಬಿ, ಅಲ್ಲಿ ಸಾಮಾನ್ಯವಾಗಿ 30 ದಿನ. ಕಲಂ 17 ಮತ್ತು ಬಡಾವಣೆ ಅಂತಿದ್ದರೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ನೋಟಿಸ್ ಕೈಸೇರಿದ ಮೇಲೆ 30 ದಿನ. ರಾಷ್ಟ್ರೀಯ ಹೆದ್ದಾರಿಗಾದರೆ 3ಎ ಅಧಿಸೂಚನೆ, ಅಲ್ಲಿ ಬರೀ 21 ದಿನ. ಹಬ್ಬ, ಮದುವೆ, ಕೊಯ್ಲು ಅಂತ ಎರಡು ವಾರ ಕಳೆದರೆ ಹೆದ್ದಾರಿ ಕೇಸಿನಲ್ಲಿ ಉಳಿಯುವುದು ಒಂದೇ ವಾರ.

ನಮ್ಮ ಕೈಗೆ ನೋಟಿಸೇ ಬಂದಿಲ್ಲ. ತೀರಿಹೋದ ತಾತನ ಹೆಸರಿಗೆ ಬಂದಿದೆಯಂತೆ.

ತುಂಬಾ ಕಡೆ ಹೀಗೇ ಆಗುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವರಿಗೇ ನೋಟಿಸ್ ಹೋಗುತ್ತದೆ. ತಾತ ತೀರಿಕೊಂಡು ಮೂವತ್ತು ವರ್ಷ ಆದರೂ ಪೌತಿ ಖಾತೆ, ಅಂದರೆ ತೀರಿಹೋದವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸದಿದ್ದರೆ ದಾಖಲೆಯಲ್ಲಿ ತಾತನೇ ಮಾಲೀಕ. ಅಧಿಸೂಚನೆಯನ್ನು ಗೆಜೆಟ್‌ನಲ್ಲಿ, ಎರಡು ದಿನಪತ್ರಿಕೆಯಲ್ಲಿ, ಪಂಚಾಯಿತಿ ಮತ್ತು ತಾಲ್ಲೂಕು ಕಚೇರಿಯಲ್ಲಿ ಪ್ರಕಟಿಸಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಹಾಗಾಗಿ "ಗೊತ್ತೇ ಇರಲಿಲ್ಲ" ಅನ್ನುವ ವಾದ ಒಂದೇ ಕೇಸನ್ನು ಗೆಲ್ಲಿಸುವುದು ಕಷ್ಟ.

ಸುದ್ದಿ ಕಿವಿಗೆ ಬಿದ್ದ ದಿನವೇ ವಾರಸುದಾರರೆಲ್ಲ ಸೇರಿ ಒಂದು ಅರ್ಜಿ ಕೊಡಿ. "ಇಂಥ ಸರ್ವೆ ನಂಬರಿನ ಹಕ್ಕುದಾರರು ನಾವು, ನಮಗೆ ನೋಟಿಸ್ ಜಾರಿಯಾಗಿಲ್ಲ" ಅಂತ ಬರೆದು ಮರಣ ಪ್ರಮಾಣಪತ್ರ, ವಂಶವೃಕ್ಷ ಲಗತ್ತಿಸಿ. ಪೌತಿ ಖಾತೆಗೂ ಅವತ್ತೇ ಅರ್ಜಿ ಹಾಕಿ.

ಆಕ್ಷೇಪಣೆಯಲ್ಲಿ ಏನು ಬರೀಬೇಕು? "ಜಮೀನು ಕೊಡಲ್ಲ" ಅಂದ್ರೆ ಸಾಕಾ?

ಸಾಲದು. ಹಾಗೆ ಬರೆದ ಅರ್ಜಿಗಳನ್ನು ಒಟ್ಟಿಗೆ ಸೇರಿಸಿ ಒಂದೇ ಸಾಲಿನಲ್ಲಿ ತಿರಸ್ಕರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಇಡೀ ಊರಿಗೆ ಒಂದೇ ಜೆರಾಕ್ಸ್ ಪ್ರತಿ, ಹೆಸರಿನ ಜಾಗ ಮಾತ್ರ ಖಾಲಿ. ಅಂಥದ್ದಕ್ಕೆ ತೂಕ ಇರುವುದಿಲ್ಲ.

ನಿಮ್ಮ ಜಮೀನಿನ ಬಗ್ಗೆಯೇ ಬರೆಯಿರಿ. ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಹಿರಿಯರು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ನೋಟಿಸ್ ತಂದಿದ್ದರು. ಅದರಲ್ಲಿ ಅವರ ಜಮೀನು "ಖುಷ್ಕಿ", ಅಂದರೆ ಮಳೆ ನಂಬಿದ ಒಣಭೂಮಿ, ಅಂತಿತ್ತು. ವಾಸ್ತವದಲ್ಲಿ ಎರಡು ಕೊಳವೆಬಾವಿ, ಹನಿ ನೀರಾವರಿ, ವರ್ಷಕ್ಕೆ ಎರಡು ಬೆಳೆ ರೇಷ್ಮೆ ಸೊಪ್ಪಿನ ಜೊತೆ ತರಕಾರಿ. ಬೆಸ್ಕಾಂ ಬಿಲ್, ರೇಷ್ಮೆ ಇಲಾಖೆಯ ಪಾಸ್‌ಪುಸ್ತಕ, ಮಾರುಕಟ್ಟೆಯ ಚೀಟಿ, ಹೊಲದ ಫೋಟೊ, ಎಲ್ಲ ಸೇರಿಸಿ ಬರೆದೆವು. ನೀರಾವರಿ ಇರುವ ಬಹುಬೆಳೆ ಜಮೀನನ್ನು ಬೇರೆ ದಾರಿ ಇಲ್ಲದಾಗ, ಕೊನೆಯ ಉಪಾಯವಾಗಿ ಮಾತ್ರ ತೆಗೆದುಕೊಳ್ಳಬೇಕು ಅಂತ 2013ರ ಕಾಯ್ದೆಯ ಕಲಂ 10 ಹೇಳುತ್ತದೆ. ಆ ಮಾತು ಎತ್ತಬೇಕಾದರೆ ಮೊದಲು ಜಮೀನು ನೀರಾವರಿ ಅಂತ ತೋರಿಸಬೇಕಲ್ಲ.

ಹತ್ತಿರದಲ್ಲೇ ಸರ್ಕಾರಿ ಜಮೀನು ಅಥವಾ ಪಾಳು ಜಮೀನು ಇದ್ದರೆ ಸರ್ವೆ ನಂಬರ್ ಸಮೇತ ಬರೆಯಿರಿ. ಕೇಳಿದ್ದು ಯೋಜನೆಗೆ ಬೇಕಾದ್ದಕ್ಕಿಂತ ಜಾಸ್ತಿ ಅನ್ನಿಸಿದರೆ ಅದನ್ನೂ ಬರೆಯಿರಿ. ಸಾಮಾಜಿಕ ಪರಿಣಾಮದ ಅಧ್ಯಯನ ಆಗಿದೆಯಾ ಕೇಳಿ. ಕರ್ನಾಟಕ 2019ರ ತಿದ್ದುಪಡಿಯಲ್ಲಿ ಕೆಲವು ಬಗೆಯ ಯೋಜನೆಗಳಿಗೆ ಈ ಅಧ್ಯಯನದಿಂದ ವಿನಾಯಿತಿ ಕೊಡಲು ಅವಕಾಶ ಮಾಡಿಕೊಂಡಿದೆ. ನಿಮ್ಮ ಯೋಜನೆಗೆ ಆ ವಿನಾಯಿತಿ ಆದೇಶ ಆಗಿದೆಯಾ ಅನ್ನುವುದೂ ಒಂದು ಪ್ರಶ್ನೆ. "ಖುದ್ದಾಗಿ ನನ್ನ ಮಾತು ಕೇಳಬೇಕು" ಅನ್ನುವ ಸಾಲು ಕಡ್ಡಾಯ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. ಹಾಕಿಕೊಡದಿದ್ದರೆ ಹತ್ತಿರದ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್ ಮಾಡಿ.

ಸರ್ವೆಗೆ ಬರ್ತೀವಿ ಅಂದಿದ್ದಾರೆ. ಒಳಗೆ ಬಿಡಬೇಕಾ?

ಬಿಡಿ, ಮತ್ತು ನೀವೂ ಅಲ್ಲೇ ಇರಿ. 2013ರ ಕಾಯ್ದೆ ಪ್ರಕಾರ ಮಾಲೀಕರು ಅಥವಾ ಅವರು ಒಪ್ಪಿಸಿದವರು ಇಲ್ಲದೆ ಅಳತೆ ಮಾಡುವಂತಿಲ್ಲ. ಇಲ್ಲದಾಗ ಮಾಡಬೇಕಾದರೆ 60 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು. ಬೆಳೆಗೆ ಹಾನಿಯಾದರೆ ಅದನ್ನೂ ಕಟ್ಟಿಕೊಡಬೇಕು.

ಜಂಟಿ ಅಳತೆಯ ದಿನ ಬರೆಯುವ ಪಟ್ಟಿ ಇದೆಯಲ್ಲ, ನಿಮ್ಮ ಪರಿಹಾರದ ಅರ್ಧ ಭಾಗ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಮೊದಲೇ ನಿಮ್ಮದೇ ಪಟ್ಟಿ ಮಾಡಿಟ್ಟುಕೊಳ್ಳಿ: ತೆಂಗು ಎಷ್ಟು, ಅದರಲ್ಲಿ ಫಲ ಬಿಡುವುದು ಎಷ್ಟು, ಮಾವು, ಬದುವಿನ ಬೇವು, ಹೊಂಗೆ, ಹಲಸು, ಕೊಳವೆಬಾವಿ, ಪೈಪ್‌ಲೈನ್, ಪಂಪ್‌ಸೆಟ್ ಮನೆ, ದನದ ಕೊಟ್ಟಿಗೆ, ತಂತಿಬೇಲಿ, ಕಣ. ಮರಗಳಿಗೆ ಸುಣ್ಣದಲ್ಲಿ ನಂಬರ್ ಬರೆದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಾನು ಹೋಗಿದ್ದ ಒಂದು ತೋಟದಲ್ಲಿ ಪಟ್ಟಿಗೆ ಬಂದಿದ್ದು 9 ತೆಂಗು, ಸುಣ್ಣದ ನಂಬರ್ 14ರವರೆಗೂ ಇತ್ತು. ಸರ್ವೆಯರ್ ಮತ್ತೆ ನಡೆದು ಎಣಿಸಿ ತಿದ್ದಿದರು.

ಪಹಣಿಯ ವಿಸ್ತೀರ್ಣ, ನೆಲದ ಮೇಲಿನ ವಿಸ್ತೀರ್ಣ ಬೇರೆ ಬೇರೆ ಬಂದರೆ ಅಲ್ಲೇ ಬರೆಸಿ. ಖರಾಬು (ಸಾಗುವಳಿಗೆ ಬಾರದ ಭಾಗ) ಎಷ್ಟು, ಅದು ಎ ಖರಾಬೋ ಬಿ ಖರಾಬೋ ಕೇಳಿ. ಬಿ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಅದಕ್ಕೆ ನಿಮಗೆ ದುಡ್ಡು ಬರುವುದಿಲ್ಲ. ಪಟ್ಟಿ ಸರಿ ಇಲ್ಲದಿದ್ದರೆ ಸಹಿಯ ಮೇಲೆ "ಇಂಥಿಂಥವು ಬಿಟ್ಟುಹೋಗಿವೆ" ಅಂತ ಬರೆದು ಆಮೇಲೆ ಸಹಿ ಮಾಡಿ.

ಪ್ರಾಥಮಿಕ ಅಧಿಸೂಚನೆ ಆಗಿದೆ. ಮಾರಬಹುದಾ? ಬೆಳೆ ಇಡಬಹುದಾ?

2013ರ ಕಾಯ್ದೆಯಡಿ ಅಧಿಸೂಚನೆ ಆದ ಮೇಲೆ ಜಿಲ್ಲಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಮಾರುವುದು, ಅಡಮಾನ ಇಡುವುದು ಮಾಡುವಂತಿಲ್ಲ. ಎಲ್ಲ ಕಾಯ್ದೆಯಲ್ಲೂ ಈ ಹಂತದಲ್ಲಿ ಕೊಳ್ಳುವವರಿಗೆ ಗಂಡಾಂತರವೇ. ಬೇಸಾಯ ನಿಲ್ಲಿಸಬೇಡಿ. ಜಮೀನು ಬೀಳು ಬಿಟ್ಟರೆ ನಿಮ್ಮ ವಾದವೂ ಬೀಳು ಬೀಳುತ್ತದೆ. ಪರಿಹಾರ ಜಾಸ್ತಿ ಬರಲಿ ಅಂತ ಹೊಸದಾಗಿ ಶೆಡ್ ಎಬ್ಬಿಸುವುದರಿಂದ ಮಾತ್ರ ಪ್ರಯೋಜನ ಇಲ್ಲ.

ಇನ್ನೊಂದು ತಾರೀಖು ನೆನಪಿಡಿ. ಈ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆಯಿಂದ 12 ತಿಂಗಳೊಳಗೆ ಅಂತಿಮ ಘೋಷಣೆ, ಅಲ್ಲಿಂದ 12 ತಿಂಗಳೊಳಗೆ ಐತೀರ್ಪು, ಅಂದರೆ ಪರಿಹಾರದ ಮೊತ್ತ ನಿಗದಿ ಮಾಡುವ ಆದೇಶ, ಆಗಬೇಕು. ಗಡುವು ವಿಸ್ತರಿಸದೆ ಮೀರಿದರೆ ಸ್ವಾಧೀನದ ಕ್ರಮವೇ ಬಿದ್ದುಹೋಗುತ್ತದೆ. ಆದರೆ ಕೆಐಎಡಿಬಿ ಕಾಯ್ದೆ ತನ್ನಷ್ಟಕ್ಕೆ ಪೂರ್ತಿಯಾದ ಕಾಯ್ದೆ, ಕೇಂದ್ರ ಕಾಯ್ದೆಯ ಐತೀರ್ಪಿನ ಗಡುವು ಅದಕ್ಕೆ ತಾನಾಗಿ ಅನ್ವಯಿಸುವುದಿಲ್ಲ ಅಂತ ಕೋರ್ಟ್‌ಗಳು ಹೇಳಿವೆ.

## ದುಡ್ಡಿನ ಲೆಕ್ಕ

ಎಕರೆಗೆ ಎಷ್ಟು ಬರುತ್ತೆ? ನಾಲ್ಕು ಪಟ್ಟು ಅಂತಾರಲ್ಲ?

2013ರ ಕಾಯ್ದೆಯ ಲೆಕ್ಕ ಹೀಗೆ. ಮೊದಲು ಮಾರುಕಟ್ಟೆ ಬೆಲೆ. ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಒಂದು ಕಡೆ, ಸುತ್ತಮುತ್ತ ಹಿಂದಿನ ಮೂರು ವರ್ಷದಲ್ಲಿ ನೋಂದಣಿ ಆದ ಕ್ರಯಪತ್ರಗಳ ಸರಾಸರಿ ಇನ್ನೊಂದು ಕಡೆ. ಯಾವುದು ಜಾಸ್ತಿಯೋ ಅದು. ಕ್ರಯಪತ್ರಗಳಲ್ಲೂ ಎಲ್ಲವನ್ನೂ ಸೇರಿಸುವಂತಿಲ್ಲ. ಹತ್ತು ಪತ್ರ ಇದ್ದರೆ ದರ ಹೆಚ್ಚಿರುವ ಐದನ್ನು ಮಾತ್ರ ತಗೊಂಡು ಸರಾಸರಿ ತೆಗೆಯಬೇಕು.

ಹಳ್ಳಿಯಾದರೆ ಅದನ್ನು 1ರಿಂದ 2ರವರೆಗಿನ ಒಂದು ಅಂಕಿಯಿಂದ ಗುಣಿಸುತ್ತಾರೆ. ಪಟ್ಟಣದಿಂದ ದೂರ ಹೋದಷ್ಟೂ ಈ ಅಂಕಿ ಜಾಸ್ತಿ. ನಗರದಲ್ಲಿ 1 ಮಾತ್ರ. ಆಮೇಲೆ ಮರ, ಬಾವಿ, ಕಟ್ಟಡದ ಬೆಲೆ ಸೇರಿಸಿ, ಬಂದ ಒಟ್ಟು ಮೊತ್ತದಷ್ಟೇ ಇನ್ನೊಂದು ಮೊತ್ತವನ್ನು ಸಾಂತ್ವನ ಧನ ಅಂತ ಕೂಡಿಸುತ್ತಾರೆ.

ಎಕರೆಗೆ 20 ಲಕ್ಷ ಮಾರುಕಟ್ಟೆ ಬೆಲೆ, ಗುಣಿಸುವ ಅಂಕಿ 2 ಅಂತಿಟ್ಟುಕೊಳ್ಳಿ. 40 ಲಕ್ಷ ಆಯಿತು. ತೆಂಗು, ಬೋರ್‌ವೆಲ್ ಸೇರಿ 3 ಲಕ್ಷ. ಒಟ್ಟು 43. ಅಷ್ಟೇ ಸಾಂತ್ವನ ಧನ ಸೇರಿದರೆ 86 ಲಕ್ಷ. ಇದರ ಮೇಲೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12ರಂತೆ, ಸಾಮಾಜಿಕ ಪರಿಣಾಮದ ಅಧ್ಯಯನದ ಅಧಿಸೂಚನೆಯಿಂದ ಐತೀರ್ಪಿನವರೆಗೆ ಅಥವಾ ಜಮೀನು ವಶಕ್ಕೆ ಪಡೆಯುವವರೆಗೆ. ಒಂದೂವರೆ ವರ್ಷ ಹಿಡಿದರೆ ಇನ್ನೂ 3.6 ಲಕ್ಷ. ನಾಲ್ಕು ಪಟ್ಟು ಅನ್ನುವ ಮಾತು ಬಂದಿದ್ದು ಇದರಿಂದ. ಮೂಲ ಬೆಲೆಯೇ ಕಮ್ಮಿ ಹಿಡಿದರೆ ನಾಲ್ಕು ಪಟ್ಟೂ ಕಮ್ಮಿಯೇ.

ಒಂದು ಮಾತು ಹೇಳಲೇಬೇಕು. ಸ್ಟಾಂಪ್ ಡ್ಯೂಟಿ ಉಳಿಸಲು 50 ಲಕ್ಷದ ವ್ಯಾಪಾರವನ್ನು 12 ಲಕ್ಷ ಅಂತ ಬರೆಸುವ ರೂಢಿ ನಮ್ಮ ಕಡೆ ಇದೆ. ಸ್ವಾಧೀನ ಬಂದಾಗ ಅದೇ 12 ಲಕ್ಷದ ಪತ್ರ ಇಡೀ ಊರಿನ ಬೆಲೆಯನ್ನು ಕೆಳಗೆ ಎಳೆಯುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಹೆಚ್ಚಿನ ದರದ ಪತ್ರಗಳ ದೃಢೀಕೃತ ಪ್ರತಿ ತಂದು ನೀವೇ ಕೊಡಿ.

ಜಮೀನು ಹೈವೇಗೆ ಹೋದ್ರೆ ಲೆಕ್ಕ ಬೇರೆನಾ?

ಕ್ರಮ ಬೇರೆ, ಲೆಕ್ಕ ಈಗ ಒಂದೇ. 2015ರ ಜನವರಿ 1ರಿಂದ ಹೆದ್ದಾರಿಗೂ 2013ರ ಕಾಯ್ದೆಯ ಪರಿಹಾರದ ಲೆಕ್ಕವೇ ಅನ್ವಯ. ಅದಕ್ಕಿಂತ ಹಿಂದೆ, 1997ರಿಂದ 2015ರ ನಡುವೆ ಹೆದ್ದಾರಿಗೆ ಜಮೀನು ಹೋದವರಿಗೂ ಸಾಂತ್ವನ ಧನ ಮತ್ತು ಬಡ್ಡಿಯ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮೊತ್ತ ಕಮ್ಮಿ ಅನ್ನಿಸಿದರೆ ಹೋಗಬೇಕಾದದ್ದು ಕೇಂದ್ರ ನೇಮಿಸಿದ ಮಧ್ಯಸ್ಥಗಾರರ ಹತ್ತಿರ, ಸಾಮಾನ್ಯವಾಗಿ ಅದು ಜಿಲ್ಲಾಧಿಕಾರಿ. ಅಲ್ಲೇ ಎಲ್ಲ ದಾಖಲೆ ಇಡಿ. ಆಮೇಲೆ ಕೋರ್ಟ್‌ಗೆ ಹೋದರೂ ಅಲ್ಲಿ ಮೊತ್ತ ಏರಿಸಿಕೊಳ್ಳುವ ದಾರಿ ತುಂಬಾ ಇಕ್ಕಟ್ಟು.

ಕೆಐಎಡಿಬಿಯವರು ಒಪ್ಪಂದಕ್ಕೆ ಸಹಿ ಹಾಕಿ, ಬೇಗ ದುಡ್ಡು ಬರುತ್ತೆ ಅಂತಾರೆ. ಹಾಕಬಹುದಾ?

ಒಪ್ಪಂದದ ದರವನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಭೆಯಲ್ಲಿ ರೈತರನ್ನು ಕೂರಿಸಿಕೊಂಡು ಮಾತಾಡಿ ನಿಗದಿ ಮಾಡುತ್ತಾರೆ. ದುಡ್ಡು ಬೇಡ ಅಂದರೆ ಎಕರೆಗೆ 10,781 ಚದರ ಅಡಿ ಅಭಿವೃದ್ಧಿಪಡಿಸಿದ ನಿವೇಶನ, ಅಂದರೆ ಸುಮಾರು ಕಾಲು ಎಕರೆ ಕೊಡುವ ಆಯ್ಕೆಯೂ ಇದೆ. ಬೇಗ ಮುಗಿಯುತ್ತದೆ ಅನ್ನುವುದು ನಿಜ. ಆದರೆ ಒಮ್ಮೆ ಒಪ್ಪಂದಕ್ಕೆ ಸಹಿ ಬಿತ್ತೆಂದರೆ ಮೊತ್ತ ಜಾಸ್ತಿ ಮಾಡಿ ಅಂತ ಕೋರ್ಟ್‌ಗೆ ಹೋಗುವ ಬಾಗಿಲು ಬಹುತೇಕ ಮುಚ್ಚುತ್ತದೆ. ಆ ದರವೇ ಕೊನೆ.

ಒಪ್ಪಿತ ಐತೀರ್ಪು ಕೆಟ್ಟದ್ದೇ ಅಂತಲ್ಲ. ಆಲಮಟ್ಟಿ ಹಿನ್ನೀರಿನ ರೈತರಿಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ನಿಗದಿ ಮಾಡಿತು. ವರ್ಷಗಟ್ಟಲೆ ಕೋರ್ಟ್ ಅಲೆದವರಿಗೆ ಅಂಥ ದರ ನೆಮ್ಮದಿ ತರಬಹುದು. ಸಹಿಗೆ ಮೊದಲು ಪಕ್ಕದ ಊರಿನ ದರ ತಿಳಿದುಕೊಳ್ಳಿ, ಮನೆಯವರೆಲ್ಲ ಕೂತು ಮಾತಾಡಿ. ಸಭೆಯ ನಡಾವಳಿಯ ಪ್ರತಿ ಕೈಯಲ್ಲಿ ಇರಲಿ. ಮಧ್ಯವರ್ತಿಗೆ ಖಾಲಿ ಚೆಕ್ ಅಥವಾ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾತ್ರ ಕೊಡಬೇಡಿ.

ದುಡ್ಡು ತಗೊಂಡ್ರೆ ಕೇಸ್ ಹಾಕೋ ಹಕ್ಕು ಹೋಗುತ್ತಾ?

ಒಪ್ಪಂದ ಅಲ್ಲದ ಸಾಮಾನ್ಯ ಐತೀರ್ಪಿನಲ್ಲಿ, "ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ಬರೆದು ಸಹಿ ಮಾಡಿದರೆ ಹಕ್ಕು ಉಳಿಯುತ್ತದೆ. ಈ ಎರಡು ಪದ ಬರೆಯದೆ ಪೂರ್ತಿ ಮೊತ್ತ ತಗೊಂಡವರು ಹೆಚ್ಚಿನ ಪರಿಹಾರ ಕೇಳುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಸುಮ್ನೆ ದುಡ್ಡು ಬೇಡ ಅಂತ ಕೂರಬೇಡಿ. ಅದನ್ನು ಅವರು ಠೇವಣಿ ಇಟ್ಟು ಮುಂದಕ್ಕೆ ಹೋಗುತ್ತಾರೆ.

2013ರ ಕಾಯ್ದೆಯಲ್ಲಿ ಐತೀರ್ಪಿನ ದಿನ ನೀವು ಹಾಜರಿದ್ದರೆ ಅಲ್ಲಿಂದ ಆರು ವಾರದೊಳಗೆ ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕಬೇಕು. ಹಾಜರಿಲ್ಲದಿದ್ದರೆ ನೋಟಿಸ್ ತಲುಪಿದ ಆರು ವಾರ, ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲೋ ಅದು.

ಮದುವೆ ಆಗಿರೋ ಅಕ್ಕ-ತಂಗಿಯರಿಗೂ ಪಾಲು ಕೊಡಬೇಕಾ?

ಪಿತ್ರಾರ್ಜಿತ ಜಮೀನಾದರೆ ಕೊಡಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. 2005ಕ್ಕೆ ಮೊದಲೇ ತಂದೆ ತೀರಿಹೋಗಿದ್ದರೂ ಈ ಹಕ್ಕು ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿತು. ಅಕ್ಕನ ಸಹಿ ಬಿಟ್ಟು ದುಡ್ಡು ಎತ್ತಿದರೆ ನಾಳೆ ತಕರಾರು ಅರ್ಜಿ ಬಂದು ಮೊತ್ತವೆಲ್ಲ ಕೋರ್ಟ್‌ನ ಠೇವಣಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕಿಂತ ಮೊದಲಾಗಿ, ಆ ಹೊಲದಲ್ಲಿ ಕಳೆ ಕಿತ್ತವರಲ್ಲಿ ಅವರೂ ಇದ್ದರಲ್ವಾ?

ಜಮೀನು ನಮ್ಮದಲ್ಲ, ವಾರಕ್ಕೆ (ಬೆಳೆಯ ಪಾಲಿಗೆ) ಮಾಡ್ತಿದ್ದೀವಿ. ನಮಗೇನಾದ್ರೂ ಸಿಗುತ್ತಾ?

2013ರ ಕಾಯ್ದೆಯಲ್ಲಿ ಸಿಗಬೇಕು. ಮೂರು ವರ್ಷದಿಂದ ಅದೇ ಜಮೀನನ್ನು ನಂಬಿ ಬದುಕಿದ ಗೇಣಿದಾರರು, ವಾರದವರು, ಕೂಲಿಯವರು ಕೂಡ "ಬಾಧಿತ ಕುಟುಂಬ". ಅವರಿಗೆ ಪುನರ್ವಸತಿಯ ಹಕ್ಕಿದೆ: ಕೆಲಸ, ಅದಿಲ್ಲದಿದ್ದರೆ 5 ಲಕ್ಷ ಇಡಿಗಂಟು, ಅಥವಾ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ. ಕಷ್ಟ ಇರುವುದು ಪುರಾವೆಯಲ್ಲಿ. ವಾರದ ಒಪ್ಪಂದ ಬಾಯಿಮಾತಿನದ್ದೇ ಜಾಸ್ತಿ. ಬೆಳೆ ಸಮೀಕ್ಷೆ, ಹಾಲಿನ ಡೇರಿಯ ಪುಸ್ತಕ, ಪಡಿತರ ಚೀಟಿಯ ವಿಳಾಸ, ಅಕ್ಕಪಕ್ಕದವರ ಹೇಳಿಕೆ, ಸಿಕ್ಕಿದ್ದನ್ನೆಲ್ಲ ಜೋಡಿಸಿ. ಮಾಲೀಕರು ಒಂದು ಪತ್ರ ಬರೆದುಕೊಟ್ಟರೆ ದೊಡ್ಡ ಉಪಕಾರ.

ಪರಿಹಾರದ ದುಡ್ಡಿಗೆ ಟ್ಯಾಕ್ಸ್ ಕಟ್ಟಬೇಕಾ?

2013ರ ಕಾಯ್ದೆಯ ಐತೀರ್ಪಿಗೆ ಆದಾಯ ತೆರಿಗೆ ಇಲ್ಲ. ಬೇರೆ ಕಾಯ್ದೆಯಡಿ ಹೋಗಿದ್ದರೆ ದುಡ್ಡು ಬರುವ ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿ, ಏಕೆಂದರೆ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದ ಮೇಲೆ ವಾಪಸ್ ಪಡೆಯಲು ಓಡಾಟ ಜಾಸ್ತಿ.

## ಸಿಕ್ಕಾದ ಪ್ರಶ್ನೆಗಳು

ಅರ್ಧ ಜಮೀನು ಮಾತ್ರ ಹೋಗ್ತಿದೆ. ಉಳಿದ ಮೂಲೆಯಲ್ಲಿ ಏನು ಮಾಡೋದು?

ತುಂಡಾಗಿದ್ದರಿಂದ ಆಗುವ ನಷ್ಟಕ್ಕೂ ಪರಿಹಾರ ಇದೆ, ಆದರೆ ನೀವು ಕೇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೋರ್‌ವೆಲ್ ರಸ್ತೆಯ ಆ ಕಡೆ, ತೋಟ ಈ ಕಡೆ ಆದರೆ ಬರೆಯಿರಿ. ಉಳಿದ 12 ಗುಂಟೆಗೆ ಗಾಡಿ ದಾರಿ ಇಲ್ಲದಿದ್ದರೂ ಬರೆಯಿರಿ. ಮನೆಯ ಒಂದು ಭಾಗ ಮಾತ್ರ ಕೇಳಿದರೆ "ಇಡೀ ಮನೆ ತಗೊಳ್ಳಿ" ಅಂತ ಒತ್ತಾಯಿಸುವ ಹಕ್ಕು ಕಾಯ್ದೆಯಲ್ಲೇ ಇದೆ.

ವಶಕ್ಕೆ ತಗೊಂಡಿದ್ದೇವೆ ಅಂತಾರೆ. ಉಳುತ್ತಿರೋದು ಇವತ್ತಿಗೂ ನಾವೇ!

ಎಷ್ಟೋ ಜನ ಸೋಲುವುದು ಇಲ್ಲೇ. ಖಾಲಿ ಜಮೀನಾದರೆ ಸ್ಥಳದಲ್ಲಿ ಪಂಚನಾಮೆ (ಮಹಜರು) ಬರೆದರೆ ಸಾಕು, ವಶಕ್ಕೆ ಪಡೆದಂತೆಯೇ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅದಾದ ಮೇಲೆ ನೀವು ಉಳುತ್ತಿದ್ದರೂ ಕಾನೂನಿನ ಕಣ್ಣಿಗೆ ಅತಿಕ್ರಮಣದಾರರು. ಹಳೇ ಕಾಯ್ದೆಯ ಸ್ವಾಧೀನ ರದ್ದಾಗಬೇಕಾದರೆ ವಶವೂ ಪಡೆದಿರಬಾರದು, ಪರಿಹಾರವೂ ಕೊಟ್ಟಿರಬಾರದು ಅಂತ 2020ರ ಐವರ ಪೀಠದ ತೀರ್ಪು ಸ್ಪಷ್ಟ ಮಾಡಿತು. ಎರಡರಲ್ಲಿ ಒಂದು ಆಗಿದ್ದರೂ ರದ್ದಾಗುವುದಿಲ್ಲ.

ಹಾಗಾಗಿ ಮಹಜರಿನ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಪಂಚರು ಯಾರು, ಅವರ ಊರು ಯಾವುದು, ಆ ದಿನ ಹೊಲದಲ್ಲಿ ಬೆಳೆ ಇತ್ತಾ, ಮಹಜರಿನಲ್ಲಿ "ಖಾಲಿ" ಅಂತ ಬರೆದಿದ್ದಾರಾ ನೋಡಿ. ಪಹಣಿಯ ಬೆಳೆ ಕಾಲಂ ಜೊತೆ ತಾಳೆ ಹಾಕಿ.

ಜಮೀನು ತಗೊಂಡು ಇಪ್ಪತ್ತು ವರ್ಷ ಆಯ್ತು. ಒಂದು ರೂಪಾಯಿ ಬಂದಿಲ್ಲ.

ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್‌ಗೆ ಜಮೀನು ಕಳೆದುಕೊಂಡ ಕೆಲವರ ಕತೆ ಇದೇ. 2003ರಲ್ಲಿ ಅಧಿಸೂಚನೆ, 2005ರಲ್ಲಿ ವಶ, ಐತೀರ್ಪು ಆಗಿದ್ದು 2019ರಲ್ಲಿ, ಅದೂ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ ಮೇಲೆ. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್, 2003ರ ಬೆಲೆ ಕೊಟ್ಟರೆ ನ್ಯಾಯಕ್ಕೆ ಅಪಹಾಸ್ಯ ಆಗುತ್ತದೆ ಎಂದು, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆ ಹಿಡಿದು ಎರಡು ತಿಂಗಳಲ್ಲಿ ಹೊಸ ಐತೀರ್ಪು ಮಾಡಲು ಆದೇಶಿಸಿತು. ನಿಮ್ಮ ಕೇಸೂ ಹೀಗಿದ್ದರೆ ಈ ತೀರ್ಪಿನ ಪ್ರತಿ ವಕೀಲರ ಕೈಗೆ ಕೊಡಿ. ಇಷ್ಟು ವರ್ಷ ನೀವು ಕೊಟ್ಟ ಅರ್ಜಿಗಳ ಸ್ವೀಕೃತಿಗಳೂ ಜೊತೆಗಿರಲಿ. ತಡ ಮಾಡಿದ್ದು ನೀವಲ್ಲ ಅಂತ ತೋರಿಸಲು ಅವು ಬೇಕು.

ಪಕ್ಕದವರು ಕೋರ್ಟ್‌ಗೆ ಹೋಗಿ ಎರಡು ಪಟ್ಟು ಪಡೆದ್ರು. ನಾವು ಹೋಗಿರಲಿಲ್ಲ. ಈಗ ಕೇಳಬಹುದಾ?

ಒಂದೇ ಅಧಿಸೂಚನೆಯ ಜಮೀನಾಗಿದ್ದರೆ ಕೇಳಬಹುದು. ಅವರ ತೀರ್ಪಿನ ದಿನಾಂಕದಿಂದ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಊರಿನಲ್ಲಿ ಯಾರ ಕೇಸು ಯಾವ ಹಂತದಲ್ಲಿದೆ ಅಂತ ಒಬ್ಬರಾದರೂ ಗಮನ ಇಟ್ಟಿರುವುದು ಒಳ್ಳೆಯದು. ಗೆದ್ದವರೂ ಸುದ್ದಿ ಮುಚ್ಚಿಡಬೇಡಿ, ನಿಮ್ಮ ಮೊತ್ತ ಇದರಿಂದ ಕಮ್ಮಿ ಆಗುವುದಿಲ್ಲ.

ಯಾವ ನೋಟಿಸೂ ಇಲ್ಲದೆ ನಮ್ಮ ಹೊಲದಲ್ಲಿ ರಸ್ತೆ ಮಾಡಿಬಿಟ್ಟಿದ್ದಾರೆ.

ಹಿಮಾಚಲ ಪ್ರದೇಶದಲ್ಲಿ ಓದುಬರಹ ಬಾರದ ಒಬ್ಬ ಅಜ್ಜಿಯ ಜಮೀನಿನಲ್ಲಿ 1967–68ರಲ್ಲಿ ಹೀಗೇ ರಸ್ತೆ ಮಾಡಿದ್ದರು. "ಇಷ್ಟು ವರ್ಷ ನಮ್ಮ ಅನುಭವದಲ್ಲಿದೆ, ಹಾಗಾಗಿ ನಮ್ಮದೇ" ಅಂತ ಸರ್ಕಾರ ವಾದಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿ, ಪ್ರಜೆಯ ಆಸ್ತಿಯ ಮೇಲೆ ಸರ್ಕಾರ ಹೀಗೆ ಹಕ್ಕು ಸಾಧಿಸುವಂತಿಲ್ಲ ಅಂದು ಪರಿಹಾರ ಕೊಡಿಸಿತು. ಅಷ್ಟು ವರ್ಷ ಕಾಯಬೇಡಿ. ಸರ್ವೆ ಮಾಡಿಸಿ ನಕ್ಷೆ ತೆಗೆಸಿ, ಲಿಖಿತ ದೂರು ಕೊಡಿ, ಹೈಕೋರ್ಟ್‌ನಲ್ಲಿ ರಿಟ್ ಹಾಕಿ.

ತಗೊಂಡ ಜಮೀನು ಖಾಲಿ ಬಿದ್ದಿದೆ, ಜಾಲಿ ಬೆಳೆದಿದೆ. ವಾಪಸ್ ಕೊಡ್ತಾರಾ?

2013ರ ಕಾಯ್ದೆಯಲ್ಲಿ ವಶ ಪಡೆದು ಐದು ವರ್ಷ ಬಳಸದಿದ್ದರೆ ಮೂಲ ಮಾಲೀಕರಿಗೆ ಅಥವಾ ವಾರಸುದಾರರಿಗೆ, ಇಲ್ಲವೇ ಸರ್ಕಾರದ ಭೂ ಬ್ಯಾಂಕಿಗೆ ಹೋಗಬೇಕು. ಆ "ಇಲ್ಲವೇ" ಅನ್ನುವ ಪದ ಇರುವುದರಿಂದ ನಿಮಗೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. 1894ರ ಕಾಯ್ದೆಯಡಿ ಹೋಗಿ ಸರ್ಕಾರದ ವಶ ಸೇರಿದ್ದರೆ ಇನ್ನೂ ಕಷ್ಟ. ಉದ್ದೇಶವೇ ಮೋಸದ್ದು ಅಂತ ಸಾಬೀತು ಮಾಡಿದರೆ ಮಾತ್ರ ದಾರಿ.

ಹೋರಾಟ ಮಾಡಿದ್ರೆ ಸರ್ಕಾರ ನಿಜವಾಗ್ಲೂ ಬಿಡುತ್ತಾ?

ಬಿಟ್ಟಿದೆ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿ ರೈತರು ತೋಂಟದಾರ್ಯ ಮಠದ ಸ್ವಾಮೀಜಿಯ ಜೊತೆ ನಿಂತು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಹೋಗದಂತೆ ತಡೆದರು. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಏರೋಸ್ಪೇಸ್ ಪಾರ್ಕ್‌ಗೆ ಕೇಳಿದ 1,777 ಎಕರೆಯನ್ನು ಉಳಿಸಿಕೊಳ್ಳಲು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. 1,198 ದಿನ. ರಾಗಿ ಬಿತ್ತನೆ, ದ್ರಾಕ್ಷಿ ಕೊಯ್ಲು, ಹಾಲು ಕರೆಯುವುದು ಮುಗಿಸಿ ಬಂದು ಪಾಳಿಯಲ್ಲಿ ಕೂರುತ್ತಿದ್ದರು. 2025ರ ಜೂನ್ 25ರಂದು ಪೊಲೀಸರು ಎಳೆದು ಬಸ್ಸಿಗೆ ಹತ್ತಿಸಿದರು. ಮೂರು ವಾರ ಕಳೆದು, ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು. ಸ್ವಂತ ಇಚ್ಛೆಯಿಂದ ಕೊಡುವವರಿಂದ ಮಾತ್ರ ತಗೊಳ್ಳುತ್ತೇವೆ ಅಂದರು.

ಇಂಥ ಘೋಷಣೆ ಕೇಳಿ ಕಣ್ಣೀರು ಬರುವುದು ಸಹಜ, ನನಗೂ ಬಂತು. ಆದರೆ ಮನೆಗೆ ಹೋಗುವ ಮುಂಚೆ ಇನ್ನೊಂದು ಕೆಲಸ ಇದೆ. ಬಾಯಿಮಾತಿನ ಘೋಷಣೆಯಿಂದ ಅಧಿಸೂಚನೆ ರದ್ದಾಗುವುದಿಲ್ಲ. ಕೈಬಿಟ್ಟ ಆದೇಶ ನಿಮ್ಮ ಸರ್ವೆ ನಂಬರ್ ಸಮೇತ ಗೆಜೆಟ್‌ನಲ್ಲಿ ಬರಬೇಕು. ಆಮೇಲೆ ತಾಲ್ಲೂಕು ಕಚೇರಿಗೆ ಹೋಗಿ ಹೊಸ ಪಹಣಿ ತೆಗೆಸಿ, 11ನೇ ಕಾಲಂ ನೋಡಿ. ಸ್ವಾಧೀನದ ನಮೂದು ಅಲ್ಲಿ ಇನ್ನೂ ಇದ್ದರೆ ಬ್ಯಾಂಕು ಬೆಳೆಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ, ಭಾಗಪತ್ರಕ್ಕೂ ತೊಡಕು. ಅದನ್ನು ತೆಗೆಸಲು ಗೆಜೆಟ್ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಆ ಕಾಲಂ ಖಾಲಿ ಆಗುವವರೆಗೂ ತಿಂಗಳಿಗೊಮ್ಮೆ ಪಹಣಿ ತೆಗೆಸಿ ನೋಡುತ್ತಿರಿ.